ಮಾಳವ್ವನ ಮೊಣಕೈ

ಹಬೆಗುಡ್ಡವನ್ನು ಬಸ್ಸಿನ ಕಿಟಕಿಯಿಂದಲೇ ಗುರುತು ಹಿಡಿಯಬಹುದು. ಸುತ್ತ ಎಲ್ಲ ಕೆಂಪು ಮಣ್ಣು, ಜಾಲಿಗಿಡ. ನಡುವೆ ಆ ಒಂದು ಗುಡ್ಡದ ಮೈಮೇಲೆ ಮಾತ್ರ ಯಾರೋ ಕೊಪ್ಪರಿಗೆ ತುಂಬ ದೋಸೆ ಹಿಟ್ಟು ಬೋರಲು ಹಾಕಿದ ಹಾಗೆ ಬೆಳ್ಳಗೆ ಇಳಿದಿದೆ. ಹತ್ತಿರ ಹೋದರೆ ಅದು ಕಲ್ಲು. ಒಂದರ ಕೆಳಗೊಂದು ಏಳು ಮೆಟ್ಟಿಲು, ಒಂದೊಂದೂ ಅಂಚು ಕಟ್ಟಿದ ದೊಡ್ಡ ಪರಾತದ ಹಾಗೆ, ಒಂದೊಂದರಲ್ಲೂ ತಿಳಿ ನೀಲಿ ನೀರು. ಮೇಲಿನ ಬಿರುಕಿನಿಂದ ಕುದಿಯುತ್ತ ಹೊರಬಿದ್ದ ನೀರು ಒಂದು ಪರಾತ ತುಂಬಿ ಇನ್ನೊಂದಕ್ಕೆ ಚೆಲ್ಲುತ್ತ, ಹೋದಲ್ಲೆಲ್ಲ ಸುಣ್ಣ ಬಳಿಯುತ್ತ ಇಳಿಯುತ್ತದೆ. ಅದರಲ್ಲಿ ಒಂದು ಕಡ್ಡಿ ಬಿದ್ದರೂ ತಿಂಗಳೊಳಗೆ ಕಲ್ಲಿನ ಕಡ್ಡಿ. ಮೊದಲನೆಯ ಮೆಟ್ಟಿಲಿನಲ್ಲಿ ಆಲೂಗಡ್ಡೆ ಬೇಯುತ್ತದೆ. ಬೇಯಿಸಬಾರದು ಎಂದು ಬೋರ್ಡು ಹಾಕಿದ್ದಾರೆ, ಜನ ಆ ಬೋರ್ಡಿನ ಕಂಬಕ್ಕೇ ದಾರ ಕಟ್ಟಿ ಗಂಟು ಇಳಿಬಿಡುತ್ತಾರೆ. ಏಳನೆಯದರಲ್ಲಿ ಪಾದ ಮುಳುಗುವಷ್ಟು ನೀರು. ಅಲ್ಲಿ ಮಂಡಿನೋವಿನವರು ಸೀರೆ, ಪಂಚೆ ಎತ್ತಿ ಕಟ್ಟಿಕೊಂಡು ಸೊಸೆಯರ ಸುದ್ದಿ ಮಾತಾಡುತ್ತ ಹೊತ್ತು ಮುಳುಗುವವರೆಗೂ ಕೂತಿರುತ್ತಾರೆ. ಮಂಡಿ ಗುಣವಾಗುತ್ತದೋ ಇಲ್ಲವೋ, ಮನಸ್ಸಂತೂ ಹಗುರಾಗುತ್ತದೆ.

ಮೆಟ್ಟಿಲುಗಳ ಬುಡದಿಂದ ಒಂದು ಕೂಗಳತೆ ನಡೆದರೆ ಮಜ್ಜನವಾಡಿಯ ಹಾಳು. ಚಾವಣಿ ಇಲ್ಲದ ಕಂಬಗಳು, ಹುಲ್ಲು ಬೆಳೆದ ಕಲ್ಲಿನ ಹೊಂಡಗಳು, ಮನುಷ್ಯರು ಬಗ್ಗಿ ಓಡಾಡುವಷ್ಟು ದೊಡ್ಡ ನೀರಿನ ಮೋರಿ. ಹೆಂಗಸರ ಮಜ್ಜನದ ಅಂಗಳದಲ್ಲಿ ಸಾಲಾಗಿ ಕಲ್ಲಿನ ಮಣೆಗಳಿವೆ, ಒಂದೊಂದು ಮಣೆಯ ಮುಂದೆಯೂ ಜೋಡಿ ತಗ್ಗು. ಅಲ್ಲಿಯ ಗೈಡು ಅದನ್ನು ಸೈನಿಕರು ಕತ್ತಿ ಇಡುತ್ತಿದ್ದ ಜಾಗ ಎನ್ನುತ್ತಾನೆ. ಅವನಿಗಿನ್ನೂ ಮದುವೆಯಾಗಿಲ್ಲ, ಪಾಪ. ಮಕ್ಕಳಿಗೆ ನೀರೆರೆದ ಯಾವ ಹೆಂಗಸಾದರೂ ಒಂದೇ ನೋಟಕ್ಕೆ ಹೇಳುತ್ತಾಳೆ, ಕಾಲು ನೀಡಿ ಕೂತು, ನೀಡಿದ ಕಾಲಿನ ಮೇಲೆ ಕೂಸನ್ನು ಮಲಗಿಸಿ ನೀರು ಹಾಕುವ ಮಣೆ ಅದು ಎಂದು. ತಗ್ಗು ಯಾರೂ ಕಡೆದದ್ದಲ್ಲ. ಕಾಲು ಇಟ್ಟೂ ಇಟ್ಟೂ ಸವೆದದ್ದು.

ಈ ಕತೆಯ ಹೆಸರಿನ ವಿಷಯ ಇರುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಅದರ ಒಳಗೋಡೆಯ ಹತ್ತಿರ, ಅಂಚಿನಿಂದ ಇಳಿದು ನೀರಿನೊಳಗೆ ಬಾಗಿದ ಒಂದು ಬಿಳಿ ಕಲ್ಲಿದೆ. ತೋಳು ಇಳಿದು, ಮೊಣಕೈಯಲ್ಲಿ ಮಡಿಸಿ, ಮುಂಗೈ ಪೂರ್ತಿ ಗೋಡೆಯ ಒಂದು ತೂತಿನೊಳಗೆ ಹೊಕ್ಕ ಹಾಗೆ. ಅದೇ ಮಾಳವ್ವನ ಮೊಣಕೈ. ಮಾಳವ್ವ ದೊಡ್ಡ ತಪಸ್ವಿನಿ, ಕುದಿಯುವ ನೀರಿನಲ್ಲಿ ಕೈಯಿಟ್ಟು ಹನ್ನೆರಡು ವರ್ಷ ಜಪ ಮಾಡಿದಳು ಎಂದು ಈಗೀಗ ಶುರುಮಾಡಿದ್ದಾರೆ. ಆ ಕಲ್ಲಿಗೆ ಬೆಳ್ಳಿಯ ಕವಚ ಮಾಡಿಸುವ ಮಾತೂ ಇದೆ. ಮಾಡಿಸಲಿ, ನನ್ನದೇನು ಹೋಗುತ್ತದೆ. ಆದರೆ ನಮ್ಮ ಕೇರಿಯಲ್ಲಿ ಬಾಣಂತಿಯರಿಗೆ ನೀರೆರೆಯುತ್ತಿದ್ದ ಮುದುಕಿಯರು ಹೇಳಿಕೊಂಡು ಬಂದದ್ದು ಬೇರೆ. ಅವರಲ್ಲಿ ಒಬ್ಬಳಿಗೂ ಅಕ್ಷರ ಬರುತ್ತಿರಲಿಲ್ಲ, ಆದ್ದರಿಂದ ಯಾವುದನ್ನೂ ತಿದ್ದಿ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಅವರು ಹೇಳಿದ್ದನ್ನೇ ಹೇಳುತ್ತೇನೆ.

ಹಿಂದೆ ಒಮ್ಮೆ, ಆ ಕಂಬಗಳ ಮೇಲೆ ಚಾವಣಿ ಇದ್ದ ಕಾಲದಲ್ಲಿ, ಮಜ್ಜನವಾಡಿಗೆ ಎಂಟು ದಿಕ್ಕಿನಿಂದಲೂ ಬಾಣಂತಿಯರ ಗಾಡಿಗಳು ಬರುತ್ತಿದ್ದವು ಎನ್ನುತ್ತಾರೆ. ನಾಲ್ಕನೆಯ ಮೆಟ್ಟಿಲೇ ಊರಿನ ಪ್ರಾಣ. ಮೇಲಿನ ಕುದಿನೀರು ಒಂದು ಕಡೆಯಿಂದ ಬೀಳುತ್ತಿತ್ತು. ಇನ್ನೊಂದು ಕಡೆಯಿಂದ, ಗುಡ್ಡದ ಹಿಂಬದಿಯ ತಣ್ಣೀರಿನ ಒರತೆಯನ್ನು ಬಂಡೆಯೊಳಗೆ ಕಾಲುವೆ ಕೊರೆದು ತಂದು, ಒಳಗೋಡೆಯ ಬುಡದಲ್ಲಿ ಒಂದು ತೂಬಿನಿಂದ ಬಿಟ್ಟಿದ್ದರು. ಬಿಸಿನೀರು, ತಣ್ಣೀರು ಎರಡೂ ಕೂಡಿ ಹದವಾಗಿ ಅಲ್ಲಿಂದ ಮೋರಿಯ ಮೂಲಕ ಊರಿನ ಹೊಂಡಗಳಿಗೆಲ್ಲ ಇಳಿಯುತ್ತಿತ್ತು. ಆದರೂ ಅದು ಭೂಮಿಯ ಹೊಟ್ಟೆಯ ನೀರು, ಒಂದು ದಿನದ ಬಿಸಿ ಇನ್ನೊಂದು ದಿನಕ್ಕಿಲ್ಲ. ಆದ್ದರಿಂದ ಊರಿನಲ್ಲಿ ಒಂದು ಕಟ್ಟಳೆ. ನೀರೆರೆಯುವವಳ ಬಲ ಮೊಣಕೈ ಮುಳುಗಿ ಎದ್ದು, ಅವಳ ಬಾಯಿಂದ ‘ಹದಾ ಐತಿ’ ಎಂಬ ಮಾತು ಬರುವವರೆಗೆ ಒಡೆಯನೇ ಬಂದರೂ ನೀರಿಗೆ ಕಾಲಿಡುವ ಹಾಗಿಲ್ಲ. ಆ ಕೆಲಸ ತಾಯಿಯಿಂದ ಮಗಳಿಗೆ ಬರುವಂಥದ್ದು. ಆ ಕಾಲಕ್ಕೆ ಅದು ಮಾಳವ್ವನಿಗೆ ಬಂದಿತ್ತು. ಅವಳಿಗೆ ಗಂಡನಿಲ್ಲ, ಹೆತ್ತ ಒಂದು ಹೆಣ್ಣು ಕೂಸೂ ಉಳಿದಿರಲಿಲ್ಲ. ಆ ಕೂಸು ಹೋದ ಮೇಲೆ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲವಂತೆ. ಮೂರನೆಯ ದಿನ ಮತ್ತೊಬ್ಬಳ ಕೂಸಿಗೆ ನೀರು ಹಾಕಲು ಬಂದು ಕೂತಳಂತೆ.

ಆ ಊರಿನಲ್ಲಿ ಇನ್ನೊಂದು ಪದ್ಧತಿಯಿತ್ತು, ಮುದುಕಿಯರು ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳುತ್ತಿದ್ದದ್ದು ಇದನ್ನೇ. ಹುಟ್ಟಿದ ಹನ್ನೊಂದನೆಯ ದಿನ ಕೂಸನ್ನು ನಾಲ್ಕನೆಯ ಮೆಟ್ಟಿಲಿಗೆ ತಂದು ಎಲ್ಲರೆದುರು ಮೊದಲ ನೀರಿಗೆ ಇಳಿಸಬೇಕು. ಕೂಸು ಅಳದಿದ್ದರೆ ಅದು ಆ ಮನೆಯ ರಕ್ತ. ಅತ್ತರೆ ಅಲ್ಲ. ಅಯ್ಯೋ, ಅಳದ ಕೂಸು ಎಲ್ಲಿದೆ! ಆದರೆ ಮಜ್ಜನವಾಡಿಯ ಕೂಸುಗಳು ಅಳುತ್ತಿರಲಿಲ್ಲ. ಮಾಳವ್ವ ನೀರನ್ನು ಹೊಟ್ಟೆಯೊಳಗಿನ ಬಿಸಿಗೆ ಸರಿಹೊಂದಿಸಿ, ಕತ್ತಿನ ಹಿಂದೆ ಅಂಗೈ ಕೊಟ್ಟು, ಪಾದದಿಂದ ಮೇಲಕ್ಕೆ ಒಂದೊಂದೇ ಅಂಗುಲ ಇಳಿಸಿದರೆ ಕೂಸು ಆಕಳಿಸುತ್ತಿತ್ತು. ಹೀಗೆ ಅವಳ ಮೊಣಕೈ ಎಷ್ಟು ಮನೆಗಳ ಮಾನ ಉಳಿಸಿತ್ತು ಎಂಬುದು ಅವಳೊಬ್ಬಳಿಗೇ ಗೊತ್ತು. ಗಂಡ ಎರಡು ವರ್ಷ ದಂಡಿಗೆ ಹೋಗಿದ್ದ ಮನೆಯ ಕೂಸೂ ಆಕಳಿಸಿದ್ದುಂಟಂತೆ. ಊರಿನ ದೊಡ್ಡವರೆಲ್ಲ ಅವಳೆದುರು ಸ್ವಲ್ಪ ತಲೆ ತಗ್ಗಿಸಿಯೇ ನಡೆಯುತ್ತಿದ್ದರು ಎಂದರೆ ಆಶ್ಚರ್ಯವಿಲ್ಲ. ಅವಳು ಮಾತ್ರ ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಮನೆಗೆ ಒಯ್ಯಲಿಲ್ಲ. ಅಂಥ ಬಾಯಿ ದೇವರು ಎಲ್ಲರಿಗೂ ಕೊಡುವುದಿಲ್ಲ, ನನಗಂತೂ ಕೊಟ್ಟಿಲ್ಲ.

ಒಂದು ಮುಂಜಾನೆ ಒಲೆಯ ಮುಂದೆ ಕೂತಿದ್ದಾಗ ಅವಳಿಗೆ ಕೂದಲು ಸುಟ್ಟ ವಾಸನೆ ಬಂತು. ಬೆಕ್ಕು ಬೆಂಕಿಗೆ ಬಿತ್ತೇನೋ ಎಂದು ಸುತ್ತ ನೋಡಿದಳು. ಬೆಕ್ಕು ಮೂಲೆಯಲ್ಲಿ ಮಲಗಿತ್ತು. ಕೆಂಡದ ಮೇಲಿದ್ದದ್ದು ಅವಳದೇ ಬಲಗೈ. ಮೊಣಕೈಗೆ ತುಸು ಮೇಲೆ ದುಡ್ಡಿನಗಲದ ಒಂದು ಮಸುಕು ಮಚ್ಚೆ ಬಂದು ಎಷ್ಟೋ ತಿಂಗಳಾಗಿತ್ತು, ಅವಳು ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದು ದೊಡ್ಡರೋಗ, ಕುಷ್ಠ. ಈಗ ಅದಕ್ಕೆ ಗುಳಿಗೆ ಬಂದಿದೆ, ಆರು ತಿಂಗಳೋ ವರ್ಷವೋ ನುಂಗಿದರೆ ವಾಸಿ. ನಮ್ಮ ಓಣಿಯ ಗುರುಸಿದ್ದವ್ವನಿಗೆ ವಾಸಿಯಾಗಿ ಇಪ್ಪತ್ತು ವರ್ಷವಾಯಿತು, ಮದುವೆ ಮನೆಯಲ್ಲಿ ಈಗಲೂ ಅವಳಿಗೆ ಕಂಬದ ಆಚೆಗೇ ಎಲೆ ಹಾಕುತ್ತಾರೆ. ಹೀಗಿರುವಾಗ ಆ ಕಾಲದ ಮಾತೇನು! ಗೊತ್ತಾದ ದಿನವೇ ಊರ ಹೊರಗೆ. ಮಾಳವ್ವ ಮೊಣಕೈವರೆಗೆ ತೋಳು ಬರುವ ಕುಪ್ಪಸ ಹೊಲಿಸಿಕೊಂಡಳು. ಎಡಗೈ ನೀರಿಗೆ ಇಡುವುದು ಅಶುಭ, ಅಲ್ಲದೆ ಆ ಕೈಯ ಬೆರಳುಗಳಿಗೂ ಜೋಮು ಹತ್ತಿತ್ತು. ಕಾಲಿಡುವಂತಿಲ್ಲ. ಅವಳು ಒಂದು ಹೊಸ ನೇಮ ಹುಟ್ಟಿಸಿದಳು. ಮೊಣಕೈ ಅದ್ದಿದ ಮೇಲೆ ಅಂಗೈಯಲ್ಲಿ ನೀರೆತ್ತಿ ತೀರ್ಥದ ಹಾಗೆ ತುಟಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಆಮೇಲೆ ‘ಹದಾ ಐತಿ’ ಎನ್ನುವುದು. ತುಟಿಗೆ ಇನ್ನೂ ಬಿಸಿ ತಿಳಿಯುತ್ತಿತ್ತು. ವಯಸ್ಸಾಯಿತು, ಭಕ್ತಿ ಬಂತು ಎಂದರು ಕೆಲವರು. ಯಾವುದೋ ಹಳೆಯ ಪಾಪ ಕಾಡುತ್ತಿರಬೇಕು ಎಂದರು ಹಲವರು. ಹೀಗೆ ಮೂರು ವರ್ಷ ನಡೆಯಿತು, ಒಂದು ಕೂಸಿಗೂ ಏನೂ ಆಗಲಿಲ್ಲ.

ಆ ಊರಿನ ಒಡೆಯ ಆಯ್ಚಗಾವುಂಡನಿಗೆ ಇಬ್ಬರು ಹೆಂಡಂದಿರು. ಹಿರಿಯಳು ಬಾಚಲೆ, ಅವಳಿಗೆ ಮಕ್ಕಳಿಲ್ಲ. ಕಿರಿಯಳು ಸೋವಲೆ, ಹತ್ತೊಂಬತ್ತರ ವಯಸ್ಸು, ಹಾಡು ಕೇಳುವ ಹುಚ್ಚು. ಕಿನ್ನರಿ ಬಾರಿಸುವವನೊಬ್ಬ ಬೆನ್ನುನೋವಿಗೆಂದು ಬಿಸಿನೀರಿನಲ್ಲಿ ಕೂರಲು ಬಂದು ನಾಲ್ಕು ತಿಂಗಳು ಊರಿನಲ್ಲಿ ಉಳಿದಿದ್ದ. ಅಷ್ಟು ದಿನ ಗುಣವಾಗದ ಬೆನ್ನು ಯಾವುದೋ ಏನೋ. ಅವನು ಹೋದ ಮೇಲೆ ಸೋವಲೆಗೆ ಗಂಡು ಕೂಸಾಯಿತು. ಗಾವುಂಡನು ದೊರೆಯ ಕರೆಗೆ ಹೋಗಿ ಬಂದು ಏಳು ತಿಂಗಳಾಗಿತ್ತು, ಕೂಸು ನೋಡಿದರೆ ತಲೆ ತುಂಬ ಕೂದಲು, ಗಲ್ಲ ತುಂಬ ಮಾಂಸ.

“ಏಳು ತಿಂಗಳ ಕೂಸಿಗೆ ಇಷ್ಟುದ್ದ ಉಗುರೇನ?” ಎಂದಳಂತೆ ಬಾಚಲೆ, ತೊಟ್ಟಿಲಿಗೆ ಬಗ್ಗಿ.

“ನಮ್ಮ ತವರಿನ ಕಡೆ ಹಂಗ ಹುಟ್ಟತಾವ, ಅಕ್ಕಾ” ಎಂದಳಂತೆ ಸೋವಲೆ, ತಲೆಯೆತ್ತದೆ.

ಹುಟ್ಟಿದ್ದು ಯಾರದು ಎಂಬುದು ನನಗೂ ಗೊತ್ತಿಲ್ಲ, ಹೇಳಿದ ಮುದುಕಿಯರಿಗೂ ಗೊತ್ತಿರಲಿಲ್ಲ. ಆದರೂ ಪ್ರತಿಸಲ ಹೇಳುವಾಗ ಆ ಕೂದಲು ಒಂದು ಅಂಗುಲ ಉದ್ದವಾಗುತ್ತಿತ್ತು. ಬಾಚಲೆಗೆ ಮಾತ್ರ ಅನುಮಾನವಿರಲಿಲ್ಲ. ಮಾಳವ್ವ ಮುಟ್ಟಿದ ಕೂಸು ಅಳುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಹನ್ನೊಂದನೆಯ ದಿನ, ಇನ್ನೂ ಕೋಳಿ ಕೂಗುವ ಹೊತ್ತಿಗೆ, ಪೂಜೆಯ ಮಡಿನೀರು ತರುತ್ತೇನೆಂದು ಹೇಳಿ ಒಬ್ಬಳೇ ಗುಡ್ಡ ಹತ್ತಿದಳು. ಆಳಿನ ಕೈಯಲ್ಲಿ ಮಾಡಿಸಿದರೆ ಆಳಿಗೆ ಬಾಯಿ ಇರುತ್ತದಲ್ಲ. ತನ್ನ ಹಳೆಯ ರೇಷ್ಮೆ ಸೀರೆಯನ್ನು, ಕೆಂಪು ಅಂಚಿನದು, ಬಿಗಿಯಾಗಿ ಸುತ್ತಿ, ಹದವಾದ ನೀರಿಗೆ ಮಂಡಿಯವರೆಗೆ ಇಳಿದು, ತಣ್ಣೀರಿನ ತೂಬಿನೊಳಗೆ ತುರುಕಿ ಬಂದಳು. ಕೂಸು ಒಂದು ಸಲ ಚೀರಿದರೆ ಸಾಕು ಎಂಬುದಷ್ಟೇ ಅವಳ ಮನಸ್ಸಿನಲ್ಲಿ ಇದ್ದಿರಬಹುದು. ಆದರೆ ಆ ನೀರು ಅವಳ ಮನಸ್ಸು ಕೇಳಿಕೊಂಡು ಬಿಸಿಯಾಗುವಂಥದ್ದಲ್ಲ. ಅವಳು ಇಳಿದು ಬಂದ ಮೇಲೆ ಒಂದೆರಡು ತಾಸಿನಲ್ಲಿ ನಾಲ್ಕನೆಯ ಮೆಟ್ಟಿಲು ಮೊದಲನೆಯ ಮೆಟ್ಟಿಲಿನ ಹಾಗಾಯಿತು. ಚಳಿಗಾಲ, ಎಲ್ಲ ಮೆಟ್ಟಿಲುಗಳ ಮೇಲೂ ಹಬೆ. ಯಾರ ಕಣ್ಣಿಗೂ ವ್ಯತ್ಯಾಸ ಕಾಣಲಿಲ್ಲ.

ಊರೆಲ್ಲ ಸೇರಿತು. ಅಂಥ ಸೊಗಸು ನೋಡಲು ಯಾರು ಮನೆಯಲ್ಲಿ ಕೂತಾರು. ಸೋವಲೆ ಕೂಸನ್ನು ಮಾಳವ್ವನ ಮಡಿಲಿಗೆ ಕೊಟ್ಟಳು. ಕೊಡುವಾಗ ಮಾಳವ್ವ ಅವಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳಂತೆ. ಕೂಸನ್ನು ಎಡದೋಳಿನಲ್ಲಿಟ್ಟುಕೊಂಡು, ಬಲ ಮೊಣಕೈಯನ್ನು ನೀರಿಗೆ ಇಳಿಸಿದಳು. ಎಂದಿನಂತೆ ಏನೂ ತಿಳಿಯಲಿಲ್ಲ. ಎಂದಿನಂತೆ ಅಂಗೈಯಲ್ಲಿ ನೀರೆತ್ತಲು ಬಗ್ಗಿದಳು.

“ಮಾಳೀ” ಎಂದಳು ಬಾಚಲೆ. “ಒಡೆಯರ ಕೂಸಿನ ನೀರು ಎಂಜಲ ಮಾಡಬ್ಯಾಡ. ಕಟ್ಟಳೆ ಇರೂದು ಮೊಣಕೈದು. ಅದ್ದಿದಿ ಅಲ್ಲ, ಹೇಳು.”

ಅವಳಿಗೆ ಮಾಳವ್ವನ ಗುಟ್ಟು ಗೊತ್ತಿರಲಿಲ್ಲ. ತನ್ನ ಕೆಲಸ ಬೇಗ ಆಗಲಿ ಎಂದು ಆಡಿದ ಮಾತು ಅದು. ಮಾಳವ್ವ ನೀರೆತ್ತುವುದನ್ನು ಬಿಟ್ಟಳು. ನೂರಾರು ಮುಖಗಳು ಅವಳ ಬಾಯಿಯನ್ನೇ ನೋಡುತ್ತಿದ್ದವು. ಮೂರು ವರ್ಷ ಸುಳ್ಳು ಹೇಳಿ ರೂಢಿಯಾದ ನಾಲಗೆ. ‘ಹದಾ’ ಎನ್ನುವುದಕ್ಕೆ ಬಾಯಿ ತೆರೆದೂ ಇದ್ದಳು, ಆಗ ಕಣ್ಣು ತನ್ನ ಕೈಯ ಮೇಲೆ ಬಿತ್ತು. ನೀರಿನಿಂದ ಎತ್ತಿದ ಮೊಣಕೈ ಬೆಂದ ಗೆಣಸಿನ ಹಾಗೆ ಕೆಂಪಾಗಿತ್ತು. ನೋಡುತ್ತ ನೋಡುತ್ತ ಚರ್ಮ ಗುಳ್ಳೆಯೆದ್ದಿತು. ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ಅವಳು ಅದನ್ನು ನೋಡುತ್ತಿದ್ದಳು.

“ಬ್ಯಾಡ್ರಿ. ಸುಡತೈತಿ.”

“ಸುಡತೈತಿ?” ಬಾಚಲೆ ನಕ್ಕಳು. “ಅಷ್ಟೊತ್ತು ಕೈಯಿಟ್ಟಿ, ಹುಬ್ಬು ಸೈತ ಅಲುಗಲಿಲ್ಲ. ಸುಡೂ ನೀರಾಗ ಹಂಗ ಕುಂದ್ರಾಕ ನೀ ಏನ ಕಲ್ಲೇನ? ಕೂಸು ಅಳತೈತಿ ಅಂತ ಗೊತ್ತಾಗೇತಿ ನಿನಗ. ಇಕಿನ್ನ ಉಳಸಾಕ ನಾಟಕಾ ಹೂಡಿದಿ. ಕೂಸು ಇಳಸು!”

ಜನಕ್ಕೂ ಅದು ನಿಜವೆನ್ನಿಸಿತು. ಎಲ್ಲರೂ ಅವಳ ಮುಖ ನೋಡಿದ್ದರು, ಮುಖದಲ್ಲಿ ನೋವಿರಲಿಲ್ಲ. ದೂರದಿಂದ ಗುಳ್ಳೆ ಯಾರಿಗೆ ಕಾಣಬೇಕು. “ಇಳಸು, ಇಳಸು” ಎಂದು ಹಿಂದಿನಿಂದ ಕೂಗಿದರು. ಗಾವುಂಡನ ಮನಸ್ಸಿನಲ್ಲೂ ಆ ಕೂದಲು ಇತ್ತಲ್ಲ. ಕೊನೆಗೆ ಅವನೂ, “ಪದ್ಧತಿ ಪದ್ಧತಿನಾ, ಮಾಳವ್ವಾ” ಎಂದ. ಅವಳು ಕೂಸನ್ನು ಇಳಿಸದಿದ್ದರೆ ಬಾಚಲೆ ಕಿತ್ತುಕೊಂಡು ಇಳಿಸುತ್ತಿದ್ದಳು, ಅದಕ್ಕಾಗಲೇ ಸೆರಗು ಕಟ್ಟಿದ್ದಳು. ನೀರು ಸುಡುತ್ತದೆ ಎಂದು ಇವರು ನಂಬಬೇಕಾದರೆ, ಸುಟ್ಟರೂ ತನಗೆ ಯಾಕೆ ತಿಳಿಯಲಿಲ್ಲ ಎಂದು ಹೇಳಬೇಕು. ಅದನ್ನು ಹೇಳಿದರೆ ಇವತ್ತು ಸಂಜೆಯ ದೀಪ ಅವಳ ಮನೆಯಲ್ಲಿ ಹತ್ತುವುದಿಲ್ಲ. ಮಾಳವ್ವ ಕೂಸನ್ನು ಸೋವಲೆಯ ಕೈಗೆ ವಾಪಸು ಕೊಟ್ಟಳು. ಕುಪ್ಪಸದ ತೋಳನ್ನು ಭುಜದವರೆಗೆ ಸರಿಸಿ, ಎಡಗೈಯಿಂದ ಬಲ ಮೊಣಕೈಯನ್ನು ಒಂದು ಸಲ ಒರೆಸಿದಳು. ಚರ್ಮ ಅಂಗೈಗೆ ಬಂತು.

“ಮೂರು ವರ್ಷ ಆತು” ಎಂದಳು. “ಈ ಕೈಗೆ ಬಿಸಿ ಗೊತ್ತಾಗೂದಿಲ್ಲ.”

ಮುಂದೆ ನಿಂತವರು ಹಿಂದಕ್ಕೆ ಸರಿದರು. ಆಮೇಲೆ ಜನರ ನಡುವಿನಿಂದ ಒಬ್ಬ ಹೆಂಗಸು, “ನಮ್ಮ ಗೌರಿ ಬಾಣಂತನಕ್ಕೂ ಇದ ಕೈಯೇನ?” ಎಂದಳು. ಅಷ್ಟೇ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕೂಸು, ಬಾಣಂತಿ, ನೆನೆಸಿಕೊಳ್ಳತೊಡಗಿದರು. ಕೂಸು ಉಳಿಯಿತು ಎಂದು ಯಾರ ಬಾಯಿಂದಲೂ ಬರಲಿಲ್ಲ. ಅದು ಅತ್ತಿತೋ ಇಲ್ಲವೋ, ಯಾರ ರಕ್ತವೋ, ಅದನ್ನೂ ಯಾರೂ ಕೇಳಲಿಲ್ಲ. ಸೋವಲೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಮಾಳವ್ವನ ತೋಳು ತಾಗಿದ ಕಡೆ ಕೂಸಿನ ಬೆನ್ನನ್ನು ತನ್ನ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ಆಗ ಕೂಸು ಅತ್ತಿತು. ಮಾಳವ್ವ ಅದನ್ನು ನೋಡಿದಳು. ಅವಳಿಗೆ ಏನನ್ನಿಸಿತು ಎಂದು ಕೇಳಿದರೆ ನಮ್ಮ ಮುದುಕಿಯರು, “ಏನೂ ಅನ್ನಿಸಲಿಲ್ಲ” ಎನ್ನುತ್ತಿದ್ದರು. ಇನ್ನೂ ಕೇಳಿದರೆ ಬೈಯುತ್ತಿದ್ದರು.

ಅವಳನ್ನು ಗುಡ್ಡದ ನೆತ್ತಿಗೆ, ಕುದಿನೀರಿನ ಬಿರುಕಿನ ಪಕ್ಕದ ಕಲ್ಲಿನ ಪೊಟರೆಗೆ ಅಟ್ಟಿದರು. ಎರಡು ದಿನಕ್ಕೊಮ್ಮೆ ಯಾರೋ ಒಂದು ಚಪ್ಪಟೆ ಕಲ್ಲಿನ ಮೇಲೆ ರೊಟ್ಟಿ ಇಟ್ಟು ಹೋಗುತ್ತಿದ್ದರು. ಅವಳ ಮನೆಯನ್ನು ಸುಟ್ಟರು, ಬೆಕ್ಕು ಓಡಿಹೋಯಿತು. ಊರಿನವರು ನಾಲ್ಕನೆಯ ಮೆಟ್ಟಿಲು ಒಂದೆರಡು ದಿನದಲ್ಲಿ ತಣ್ಣಗಾದೀತು ಎಂದು ಕಾದರು. ಆಗಲಿಲ್ಲ. ಹೊಂಡಗಳಿಗೆ ಬರುವ ನೀರಿನಲ್ಲಿ ಅಕ್ಕಿ ಬೇಯುವ ಹಾಗಿತ್ತು. ತಣ್ಣೀರಿನ ಒರತೆ ಎಲ್ಲಿ ಹೋಯಿತೆಂದು ಗುಡ್ಡದ ಹಿಂದೆ ಹೋಗಿ ನೋಡಿದರೆ ಅದು ಕಾಲುವೆ ತುಂಬಿ ಹಿಂದಕ್ಕೆ ಉಕ್ಕಿ ಜಾಲಿಯ ಹಳ್ಳಕ್ಕೆ ಹರಿಯುತ್ತಿತ್ತು. ಆಗ ಹಬೆಯ ನಡುವೆ, ತೂಬಿನ ಬಾಯಲ್ಲಿ, ನೀರಿನಡಿಯಲ್ಲಿ ಒಂದು ಕೆಂಪು ಅಂಚು ಕಂಡಿತು. ಯಾರ ಸೀರೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ, ಆ ಅಂಚಿನ ಸೀರೆ ಉಡುವವಳು ಊರಿನಲ್ಲಿ ಒಬ್ಬಳೇ. ಬಾಚಲೆಗೆ ಯಾರೂ ಏನೂ ಅನ್ನಲಿಲ್ಲ. ಅವಳು ಗಾವುಂಡನ ಹಿರಿಯ ಹೆಂಡತಿ, ಊರ ಹೊರಗೆ ಅಟ್ಟಲು ಅವಳಿಗೇನು ರೋಗವೇ. ಅವಳು ಇಳಿದಾಗ ಹದವಾಗಿದ್ದ ನೀರಿಗೆ ಈಗ ಯಾರೂ ಇಳಿಯುವಂತಿರಲಿಲ್ಲ. ಕೊಕ್ಕೆ ಹಾಕಿ ಎಳೆದರು, ಕೊಕ್ಕೆ ಜಾರಿತು. ರೇಷ್ಮೆಯ ಮೇಲೆ ಆಗಲೇ ಸುಣ್ಣ ಹತ್ತಿತ್ತು. ಗೋಡೆ ಒಡೆಯೋಣವೆಂದರೆ ಗುಡ್ಡದ ತಾಯಿಯ ಮೈಗೆ ಉಳಿ ಹಾಕುವ ಎದೆ ಯಾರಿಗೂ ಇರಲಿಲ್ಲ. ಬಾಣಂತಿಯರ ಗಾಡಿಗಳು ಬಂದವು, ಊರ ಬಾಗಿಲಿನಲ್ಲೇ ಎತ್ತು ತಿರುಗಿಸಿದವು.

ಆಗ ಅವರಿಗೆ ನೆನಪಾಯಿತು, ಆ ನೀರಿಗೆ ಇಳಿಯಬಲ್ಲ ಕೈ ಊರಿನಲ್ಲಿ ಒಂದೇ ಒಂದಿದೆ ಎಂದು.

ಗಾವುಂಡನು ಹಿರಿಯರನ್ನು ಕಟ್ಟಿಕೊಂಡು ನೆತ್ತಿಗೆ ಹೋಗಿ, ಅವಳ ಕಡೆಯ ಗಾಳಿ ತಾಗದ ಹಾಗೆ ನಿಂತು, “ಮಾಳವ್ವಾ, ಊರಿಗೆ ನಿನ್ನ ಕೈ ಬೇಕಾಗೇತಿ” ಎಂದ.

“ಯಾವ ಕೈ, ಧಣೀ?” ಎಂದು ಒಳಗಿನಿಂದಲೇ ಕೇಳಿದಳಂತೆ ಅವಳು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದಳು. ಒಂದೇ ಒಂದು ಮಾತು ಕೇಳಿದಳು. ಆ ಕೂಸಿಗೆ ಹನ್ನೊಂದನೆಯ ದಿನದ ನೀರು ಇನ್ನೂ ಆಗಿಲ್ಲ, ನೀರು ಹದಕ್ಕೆ ಬಂದ ಮೇಲೆ ಅದನ್ನು ತಾನೇ ಹಾಕಬೇಕು, ಕೂಸನ್ನು ಮೆಟ್ಟಿಲಿಗೆ ತರಬೇಕು. ಗಾವುಂಡನು ಹಿರಿಯರ ಮುಖ ನೋಡಿದ, ಹಿರಿಯರು ನೆಲ ನೋಡಿದರು. “ತರತೀವಿ” ಎಂದ. ಅವಳು ನಂಬಿದಳೋ ಇಲ್ಲವೋ. ನಂಬದಿದ್ದರೂ ಬರುತ್ತಿದ್ದಳು ಎಂದೇ ನನ್ನ ಲೆಕ್ಕ. ಆ ಕೆಲಸ ಬಿಟ್ಟು ಅವಳಿಗೆ ಬೇರೆ ಏನು ತಿಳಿದಿತ್ತು.

ನಾಲ್ಕನೆಯ ಮೆಟ್ಟಿಲಿನ ಅಂಚಿನಲ್ಲಿ ಒರಗಿ ಕೂತು, ಬಲಗೈಯನ್ನು ಭುಜದವರೆಗೆ ಇಳಿಸಿ, ಮೊಣಕೈ ಮಡಿಸಿ ತೂಬಿನೊಳಗೆ ತೂರಿಸಿದಳು. ಊರು ಮಾರು ದೂರದಲ್ಲಿ ಮೂಗಿಗೆ ಬಟ್ಟೆ ಹಿಡಿದು ನಿಂತಿತ್ತು. ಕೈ ಒಳಗೆ ಹೋಯಿತು, ಅವಳ ಮುಖ ಎಂದಿನಂತೆಯೇ ಇತ್ತು. ಎಲ್ಲರೂ ಉಸಿರು ಬಿಟ್ಟರು. ಈಗ ಬಂತು, ಇನ್ನೇನು ಬಂತು ಎಂದುಕೊಂಡರು.

“ಸಿಕ್ತೇನ, ಮಾಳವ್ವಾ?”

“ಗೊತ್ತಾಗವಲ್ದು” ಎಂದಳು.

ಅದನ್ನು ಮಾತ್ರ ಅವರಲ್ಲಿ ಯಾರೂ ಯೋಚಿಸಿರಲಿಲ್ಲ. ಸುಡುವುದು ತಿಳಿಯದ ಕೈಗೆ ಹಿಡಿದದ್ದೂ ತಿಳಿಯುವುದಿಲ್ಲ. ಬೆರಳ ನಡುವೆ ಇರುವುದು ರೇಷ್ಮೆಯೋ, ಕಲ್ಲೋ, ಬರೀ ನೀರೋ, ಅವಳಿಗೆ ಹೇಗೆ ಗೊತ್ತಾಗಬೇಕು. ಎಳೆದಳು, ಎಳೆದದ್ದು ಏನನ್ನು ಎಂದು ತಿಳಿಯಲಿಲ್ಲ. ಬೆರಳು ಮಡಿಸಿದಳು, ಮಡಿಸಿತೋ ಇಲ್ಲವೋ ತಿಳಿಯಲಿಲ್ಲ. ಒಂದು ತಾಸಿನ ಮೇಲೆ ಅವಳೇ ಕೇಳಿದಳು, “ಕೂಸು ಬಂತೇನ?” “ಬರಾಕತ್ತೈತಿ” ಎಂದರು. ಮತ್ತೆ ಇವರು, “ಸಿಕ್ತೇನ?” ಅವಳು, “ಗೊತ್ತಾಗವಲ್ದು.” ಬಿಸಿಲೇರಿತು. ಊಟದ ಹೊತ್ತಾಯಿತೆಂದು ಹಿರಿಯರು ಒಬ್ಬೊಬ್ಬರಾಗಿ ಇಳಿದರು. ಹೆಂಗಸರು ಒಲೆ ನೆನಪಾಗಿ ಹೋದರು. ಗಾವುಂಡನು ಆಳೊಬ್ಬನನ್ನು ನಿಲ್ಲಿಸಿ ಹೋದ, ಆಳು ಕುಡಿಯುವ ನೀರಿಗೆಂದು ಹೋದ. ಸೋವಲೆ ಆ ದಿನ ಮನೆಯಿಂದ ಹೊರಗೇ ಬರಲಿಲ್ಲ, ಕೂಸಿಗೆ ಆಗಲೇ ಅಂಗಳದ ಬಾವಿಯ ನೀರು ಕಾಯಿಸಿ ಹಾಕಿದ್ದಳು. ಮಾರನೆಯ ದಿನ ಒಬ್ಬಿಬ್ಬರು ಹತ್ತಿ ನೋಡಿದರು, ಅವಳು ಹಾಗೆಯೇ ಕೂತಿದ್ದಳು. ಅದರ ಮಾರನೆಯ ದಿನ ಯಾರೂ ಹತ್ತಲಿಲ್ಲ. ಆ ಮಳೆಗಾಲಕ್ಕೆ ಮುಂಚೆ ಮಜ್ಜನವಾಡಿಯ ಅರ್ಧ ಮನೆಗಳಿಗೆ ಬೀಗ ಬಿತ್ತು, ಉಳಿದ ಅರ್ಧಕ್ಕೆ ಬೀಗ ಹಾಕುವಷ್ಟು ಸಾಮಾನು ಇರಲಿಲ್ಲ. ಗಾವುಂಡನ ಮನೆತನ ಎಲ್ಲಿಗೆ ಹೋಯಿತು, ಆ ಕೂಸು ದೊಡ್ಡದಾಗಿ ಏನಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಕಿನ್ನರಿ ಬಾರಿಸಿತು ಎಂದು ಹೇಳುವ ಆಸೆ ನನಗಿದೆ, ಆದರೆ ಹಾಗೆಂದು ನಾನು ಕೇಳಿದವಳಲ್ಲ.

ಈಗ ಹೋದರೆ ನೀವು ಆ ಕಲ್ಲನ್ನು ನೋಡಬಹುದು. ತೂಬಿನ ಬಾಯಿಯ ಸುತ್ತ ಬಿಳಿಯ ಕಲ್ಲಿನಲ್ಲಿ ಬೆರಳಗಲದ ಒಂದು ಕೆಂಪು ಗೆರೆ ಇದೆ. ಓದಿದವರು ಅದನ್ನು ಕಬ್ಬಿಣದ ಅಂಶ ಎನ್ನುತ್ತಾರೆ, ನಮ್ಮ ಹೆಂಗಸರು ಸೀರೆಯ ಅಂಚು ಎನ್ನುತ್ತಾರೆ. ನಾಲ್ಕನೆಯ ಮೆಟ್ಟಿಲಿನ ನೀರು ಇಂದಿಗೂ ಸುಡುತ್ತದೆ, ಸರಪಳಿ ಕಟ್ಟಿ ಯಾರನ್ನೂ ಬಿಡುವುದಿಲ್ಲ. ಆದರೂ ಹೊಸ ಕೂಸಿನವರು ಬಂದರೆ ಕಾವಲುಗಾರ ಆ ಕಡೆ ತಿರುಗಿ ಬೀಡಿ ಹಚ್ಚುತ್ತಾನೆ. ಅಜ್ಜಿಯಾದವಳು ಸರಪಳಿ ದಾಟಿ, ಅಂಚಿಗೆ ಒರಗಿ ಕೂತು, ಕಲ್ಲಿನ ಮೊಣಕೈಯ ಪಕ್ಕದಲ್ಲೇ ತನ್ನ ಮೊಣಕೈಯನ್ನು ಹುಷಾರಾಗಿ ಇಳಿಸುತ್ತಾಳೆ. ಹಿಂದೆ ನಿಂತವರು, “ಸಿಕ್ತೇನ, ಮಾಳವ್ವಾ?” ಎನ್ನಬೇಕು. ಅವಳು ತಕ್ಷಣ ಉತ್ತರ ಕೊಡುವ ಹಾಗಿಲ್ಲ, ಸ್ವಲ್ಪ ಹೊತ್ತು ಹಾಗೆಯೇ ಕೂತಿರಬೇಕು. ಸುತ್ತ ಎಲ್ಲ ಕುದಿನೀರು. ಆ ಕಲ್ಲಿನ ಮುಂಗೈ ತೂತಿನೊಳಗೆ ಹೊಕ್ಕ ಜಾಗದಲ್ಲಿ ಮಾತ್ರ, ಒಂದು ಗೇಣಿನಷ್ಟು ಅಗಲ, ನೀರು ಹದವಾಗಿದೆ. ಒಳಗಿನಿಂದ ದಾರದ ಹಾಗೆ ತಣ್ಣೀರು ಸೋರುತ್ತದೆ. ಸೀರೆಯನ್ನು ಅಷ್ಟರ ಮಟ್ಟಿಗೆ ಮಾಳವ್ವ ಎಳೆದಿದ್ದಳು. ಎಳೆದದ್ದು ಅವಳಿಗೆ ತಿಳಿಯಲಿಲ್ಲ, ಬಂತು ಎಂದು ಹೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ. ಅಜ್ಜಿ ಆ ಗೇಣಗಲದಿಂದ ಬೊಗಸೆಯಲ್ಲಿ ನೀರೆತ್ತಿ ಕೂಸಿನ ಪಾದಕ್ಕೆ ಹಾಕುತ್ತಾಳೆ. ಕೆಲವು ಕೂಸುಗಳು ಅಳುತ್ತವೆ, ಕೆಲವು ಆಕಳಿಸುತ್ತವೆ. ಯಾವುದು ಯಾಕೆಂದು ಈಗ ಯಾರೂ ನೋಡುವುದಿಲ್ಲ.